ಟ್ರೈಲರಿಗೊಂದು ಪ್ರದಕ್ಷಿಣೆ

ಸ್ಕೂಟರ್ ಹತ್ತುವ ಮೊದಲು ನಾನು ಅದಕ್ಕೊಂದು ಪ್ರದಕ್ಷಿಣೆ ಹಾಕುತ್ತೇನೆ. ಎರಡು ಗಾಲಿಯ, ಮುಂದೊಂದು ತರಕಾರಿ ಚೀಲ ನೇತುಹಾಕಿಕೊಂಡ ಬಡಪಾಯಿ ಸ್ಕೂಟರು ಅದು. ನಿಂತಲ್ಲಿಂದಲೇ ಕತ್ತು ಚಾಚಿದರೆ ಅದರ ಆಚೆ ಈಚೆ ಎಲ್ಲವೂ ಕಾಣುತ್ತದೆ. ಆದರೂ ಎಡಗಡೆಯಿಂದ ಹೊರಟು, ಹಿಂದಿನ ಚಕ್ರವನ್ನು ಪಾದದಿಂದ ಮೆಲ್ಲಗೊಮ್ಮೆ ತಟ್ಟಿ, ಸೊಂಟ ಬಗ್ಗಿದಷ್ಟು ಬಗ್ಗಿಸಿ ಅಡಿಯಲ್ಲೊಮ್ಮೆ ಇಣುಕಿ, ಬಲಗಡೆಯಿಂದ ಸುತ್ತಿ ಬಂದ ಮೇಲೆಯೇ ನಾನು ಕೀಲಿ ತಿರುಗಿಸುವುದು. ತೆಲುಗು ನಾಡಿನ ಗಾಜುವಾಕದ ನಮ್ಮ ಗಲ್ಲಿಯ ಜನಕ್ಕೆ ಇದು ಬೆಳಗಿನ ಪುಕ್ಕಟೆ ಮನರಂಜನೆ. ನನ್ನ ಹೆಂಡತಿಯಂತೂ ಬಾಲ್ಕನಿಯಿಂದ ಬಗ್ಗಿ, "ರೀ, ಮಂಗಳಾರತಿ ತಟ್ಟೆನೂ ತರ್ಲಾ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಾಳೆ. ಪುಣ್ಯಕ್ಕೆ ಕನ್ನಡದಲ್ಲಿ ಕೂಗುತ್ತಾಳೆ. ಬೀದಿಗೆ ಕೇಳಿಸಿದರೂ ಅರ್ಥವಾಗುವುದಿಲ್ಲ.

ನೀವೂ ನಗುವುದಾದರೆ ನಕ್ಕುಬಿಡಿ, ಬೇಸರವಿಲ್ಲ. ಈ ಪ್ರದಕ್ಷಿಣೆಯನ್ನು ಕಂಡು ನನ್ನಷ್ಟು ನಕ್ಕವರು, ನನ್ನಷ್ಟು ರೇಗಿದವರು ಬೇರೆ ಯಾರೂ ಇರಲಾರರು. ದಾವಣಗೆರೆಯಿಂದ ಇಲ್ಲಿಗೆ ಬಂದ ನಾನು ಮೂವತ್ತು ವರ್ಷ ಒಂದು ಸಾಗಣೆ ಕಂಪನಿಯ ಯಾರ್ಡಿನಲ್ಲಿ ದುಡಿದವನು. ಉಕ್ಕು ಹೇರಿದ ಟ್ರೈಲರುಗಳನ್ನು ಗೇಟು ದಾಟಿಸಿ ವಿಜಯವಾಡದ ಕಡೆ ಕಳಿಸುವುದೇ ನನ್ನ ಕೆಲಸ. ಗೇಟಿನ ಯಜಮಾನಿಕೆ ಸಣ್ಣದಾದರೂ ಅದರ ಜಂಬ ಸಣ್ಣದಲ್ಲ. ಸಾಲದ್ದಕ್ಕೆ ನನಗೆ ಕೋಪ ಹುಟ್ಟಾ ಮೂಗಿನ ತುದಿಯಲ್ಲೇ. ಊರಿನ ಕನ್ನಡ ಮನೆಯೊಳಗಿನ ಮಾತಿಗಷ್ಟೇ ಉಳಿದು, ಹೊರಗಿನದೆಲ್ಲ ತೆಲುಗಾಗಿಹೋದ ಮೇಲೂ ಬೈಗುಳ ಮಾತ್ರ ತಾನಾಗಿ ಕನ್ನಡದಲ್ಲೇ ಬರುತ್ತಿತ್ತು.

ಟ್ರೈಲರ್ ಎಂದರೇನೆಂದು ಹೆದ್ದಾರಿಯಲ್ಲಿ ಅದನ್ನು ಹಿಂದೆ ಹಾಕಲು ಹೆಣಗಿದವರಿಗೆ ಗೊತ್ತು. ಮುಂದೆ ಎಂಜಿನ್ ಇರುವ ತಲೆ, ಅದರ ಬೆನ್ನಿಗೆ ಕೊಂಡಿ ಹಾಕಿಕೊಂಡ ಉದ್ದನೆಯ ಹಾಸು, ಆ ಹಾಸಿನ ಮೇಲೆ ಚಾಪೆಯಂತೆ ಸುತ್ತಿಟ್ಟ ಉಕ್ಕಿನ ತಗಡಿನ ಸುರುಳಿಗಳು. ಒಂದೊಂದು ಸುರುಳಿಯೂ ಆನೆಯ ತೂಕವನ್ನು ಮೀರಿಸುತ್ತದೆ. ಅದು ಉರುಳದಂತೆ ಅಡಿಗೆ ಮರದ ಬೆಣೆ, ಮೇಲೆ ಸರಪಳಿಯ ಬಿಗಿ. ಚಾಲಕ ಕೂರುವುದು ಮಹಡಿಯಷ್ಟು ಎತ್ತರದಲ್ಲಿ. ಅಲ್ಲಿಂದ ಅವನಿಗೆ ಯಾರಾಡದ ಗುಡ್ಡ ಕಾಣುತ್ತದೆ, ಬಂದರಿನ ಕ್ರೇನುಗಳ ತಲೆ ಕಾಣುತ್ತದೆ; ಆದರೆ ತನ್ನದೇ ಬಂಪರಿಗೆ ತಾಗಿ ನಿಂತ ಮನುಷ್ಯ ಕಾಣುವುದಿಲ್ಲ. ಕನ್ನಡಿ ಪಕ್ಕಗಳನ್ನು ತೋರಿಸುತ್ತದೆಯೇ ಹೊರತು ಬೆನ್ನನ್ನೂ ಹೊಟ್ಟೆಯಡಿಯನ್ನೂ ತೋರಿಸುವುದಿಲ್ಲ. ಎತ್ತರದಲ್ಲಿ ಕೂತವರಿಗೆ ಕಾಲಬುಡ ಕಾಣುವುದಿಲ್ಲ ಎಂಬುದು ಮಂತ್ರಿ ಮಹೋದಯರ ವಿಷಯದಲ್ಲಿ ಮಾತ್ರ ನಿಜವಲ್ಲ ನೋಡಿ.

ನಮ್ಮ ಯಾರ್ಡಿನ ಚಾಲಕರಲ್ಲಿ ಸನ್ಯಾಸಿ ರಾವ್ ಎಂಬವರೊಬ್ಬರಿದ್ದರು. ಹೆಸರಿಗೆ ಸನ್ಯಾಸಿ, ಮೈತುಂಬ ಸಂಸಾರವಂದಿಗ. ಹೆಂಡತಿ ಗಂಗಮ್ಮ ಬಳ್ಳಾರಿಯವರಾದ್ದರಿಂದ ಅವರಿಗೆ ಬಳ್ಳಾರಿ ಕಡೆಯ ಕನ್ನಡ ಬರುತ್ತಿತ್ತು, ಮಧ್ಯೆ ಮಧ್ಯೆ ತೆಲುಗಿನ ಒಗ್ಗರಣೆಯೊಂದಿಗೆ. ಒಬ್ಬಳೇ ಮಗಳನ್ನು ವಿಜಯವಾಡದ ಭವಾನಿಪುರಕ್ಕೆ ಕೊಟ್ಟಿದ್ದರು. ವಾರಕ್ಕೊಮ್ಮೆಯಾದರೂ ಉಕ್ಕು ಹೊತ್ತು ಆ ಕಡೆ ಹೋಗುವ ಪಾಳಿ ಬಂದರೆ ಅವರ ಮುಖ ಅರಳುತ್ತಿತ್ತು. ಸರಕು ಇಳಿಸಿ, ಮಗಳ ಕೈಯ ಊಟ ಉಂಡು ಬರುತ್ತಿದ್ದರು.

ಈ ಮನುಷ್ಯ ಗಾಡಿ ಕದಲಿಸುವ ಮೊದಲು ಸುತ್ತು ಹಾಕುತ್ತಿದ್ದರು. ಕೀಲಿ ಕಿತ್ತು ಅಂಗಿಯ ಜೇಬಿಗಿಳಿಸಿ, ಗುಂಡಿ ಹಾಕಿ, ಕೈಯಲ್ಲೊಂದು ಬಿದಿರ ಕೋಲು ಹಿಡಿದು, ತಮ್ಮ ಬಾಗಿಲ ಬಳಿಯಿಂದ ಹೊರಡುವರು. ಒಂದೊಂದು ಟೈರಿಗೂ ಕೋಲಿನಿಂದ ಬಡಿದು ಕಿವಿಗೊಡುವರು. ಗಾಳಿ ತುಂಬಿದ್ದು ಠಣ್ ಎನ್ನುತ್ತದೆ, ಸೊರಗಿದ್ದು ದಬ್ ಎನ್ನುತ್ತದೆ. ಸರಪಳಿಯನ್ನು ಜಗ್ಗುವರು, ಬೆಣೆಗಳನ್ನು ಒದೆಯುವರು, ಹಿಂದಿನ ಕೆಂಪು ದೀಪಗಳನ್ನು ಹೆಗಲ ಟವೆಲ್ಲಿನಿಂದ ಮಗುವಿನ ಮೂಗು ಒರೆಸಿದಂತೆ ಒರೆಸುವರು. ಬಗ್ಗಿ ಅಡಿಯನ್ನು ನೋಡುವರು. ತಲೆಗೂ ಹಾಸಿಗೂ ನಡುವಿನ ಕೊಂಡಿಯನ್ನು ಮುಟ್ಟಿ ನೋಡಿ, ಬ್ರೇಕಿನ ಗಾಳಿಕೊಳವೆಗೆ ಕಿವಿ ಕೊಟ್ಟು, ಮತ್ತೆ ಬಾಗಿಲಿಗೆ ಬರುವರು. ಇದರ ಜೊತೆಗೊಂದು ಕಟ್ಟುನಿಟ್ಟು: ಮಧ್ಯೆ ಯಾರಾದರೂ ಮಾತಾಡಿಸಿದರೆ ಆ ಸುತ್ತು ಮುರಿದಂತೆ. ಬಾಗಿಲಿಗೆ ಹಿಂದಿರುಗಿ ಮೊದಲಿನಿಂದ ಶುರು.

"ಅರ್ಧ ನೋಡಿದ್ದು ನೋಡಿದಂಗಲ್ಲ ಸಾರ್. ನೋಡಿ ಬಿಟ್ಟ ಜಾಗದಾಗೆ ಅಷ್ಟರಾಗೆ ಏನು ಬಂದು ಕುಂತಿರ್ತದೋ ಯಾರಿಗೆ ಗೊತ್ತು" ಎನ್ನುತ್ತಿದ್ದರು. ಇದನ್ನು ಕಲಿಸಿದ್ದು ಅವರಿಗೆ ಲಾರಿ ಕಲಿಸಿದ ಗುರುವಂತೆ. ಏಕೆಂದು ಆ ಗುರು ಹೇಳಿರಲಿಲ್ಲ, ಇವರು ಕೇಳಿರಲೂ ಇಲ್ಲ.

ನಾನು ಬಿಡುತ್ತಿದ್ದೆನೆ? "ಸನ್ಯಾಸಿ ರಾವ್ ಗಾರು, ಸಿಂಹಾಚಲದ ಬೆಟ್ಟ ಸುತ್ತೋರೂ ವರ್ಷಕ್ಕೊಂದೇ ಸಲ ಸುತ್ತೋದು!" ಎಂದು ಎಲ್ಲರ ಮುಂದೆ ಗೇಲಿ ಮಾಡುತ್ತಿದ್ದೆ. ಅವರು ಮುಗುಳ್ನಕ್ಕು, ನನ್ನ ಗೇಲಿಯಿಂದಲೇ ಮುರಿದುಬಿದ್ದ ಸುತ್ತನ್ನು ಮತ್ತೆ ಬಾಗಿಲಿನಿಂದ ಆರಂಭಿಸುತ್ತಿದ್ದರು. ಆಗ ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ಇನ್ನೊಂದು ಮಾತು: 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಫಲಕವನ್ನು ಗೇಟಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಆ ದಿನ ಮೇ ತಿಂಗಳ ಮಧ್ಯಾಹ್ನ. ಸಮುದ್ರದ ಕಡೆಯಿಂದ ಬಿಸಿ ಗಾಳಿ ಬೀಸುತ್ತಿತ್ತು. ವಿಜಯವಾಡದ ಲೋಡು ಆಗಲೇ ತಡವಾಗಿದೆ, ಫೋನಿನ ಮೇಲೆ ಫೋನು. ಕಾಗದಪತ್ರಗಳನ್ನು ಹಿಡಿದು ಓಡಿ ಹೋದರೆ, ಸನ್ಯಾಸಿ ರಾವ್ ಎಡಬದಿಯ ಹಿಂದಿನ ಟೈರುಗಳ ಹತ್ತಿರ ನಿಧಾನವಾಗಿ ಠಣ್ ಠಣ್ ಎಂದು ಬಡಿಯುತ್ತಿದ್ದಾರೆ! ನನ್ನ ತಾಳ್ಮೆ ತಪ್ಪಿತು. "ಸಾಕು ನಿಲ್ಸ್ರೀ ನಿಮ್ಮ ಪೂಜೆ! ಹತ್ತಿ, ಗಾಡಿ ತೆಗೀರಿ ಮೊದಲು!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಅವರು ಕೋಲು ಕಂಕುಳಲ್ಲಿಟ್ಟುಕೊಂಡು ಮುಂದಕ್ಕೆ, ಬಾಗಿಲ ಕಡೆ ನಡೆದರು. ಅಂತೂ ನನ್ನ ಮಾತು ನಡೆಯಿತು ಎಂದು ಬೀಗಿದೆ.

ಬೀಗಿದ್ದು ಕ್ಷಣಮಾತ್ರ. ಗಾಳಿಗೆ ನನ್ನ ಕೈಯಲ್ಲಿದ್ದ ಗೇಟ್ ಪಾಸು ಹಾರಿ ಟ್ರೈಲರಿನ ಅಡಿಗೆ ಹೋಗಿ, ಹಿಂದಿನ ಚಕ್ರಗಳ ನಡುವೆ ಸಿಕ್ಕಿಕೊಂಡಿತು. ಅದಿಲ್ಲದೆ ಗಾಡಿ ಹೊರಹೋಗುವಂತಿಲ್ಲ. ಬುದ್ಧಿಯುಳ್ಳವನು ಏನು ಮಾಡುತ್ತಿದ್ದ? "ಸ್ವಲ್ಪ ತಾಳಿ" ಎಂದು ಕೂಗುತ್ತಿದ್ದ. ಆದರೆ ಈಗಷ್ಟೇ ಹೊರಡಿ ಎಂದು ಅಬ್ಬರಿಸಿದ ಬಾಯಿ, ಅರೆ ನಿಮಿಷಕ್ಕೆ ತಾಳಿ ಎಂದರೆ ಮರ್ಯಾದೆ ಏನಾಗಬೇಕು? ಅವರು ಮೇಲೆ ಹತ್ತಿ ಎಂಜಿನ್ ಶುರು ಮಾಡುವಷ್ಟರಲ್ಲಿ ಬಂದುಬಿಡುತ್ತೇನೆ ಎಂದುಕೊಂಡು, ಸದ್ದಿಲ್ಲದೆ ನುಸುಳಿದೆ. ನುಸುಳಿದವನ ಕನ್ನಡಕ ಏನಕ್ಕೋ ತಗುಲಿ ಬಿತ್ತು. ಕನ್ನಡಕವಿಲ್ಲದೆ ನಾನು ಅರೆಗುರುಡನೇ ಸರಿ. ಎರಡು ಚಕ್ರಗಳ ನಡುವೆ ಮೊಣಕಾಲೂರಿ, ಗ್ರೀಸಿನ ನೆಲವನ್ನು ಅಂಗೈಯಿಂದ ಸವರುತ್ತ ಹುಡುಕತೊಡಗಿದೆ. ಎಷ್ಟು ಹೊತ್ತೋ ತಿಳಿಯದು.

ಆಗ ಕೇಳಿಸಿತು: ಠಣ್. ಮುಂದಿನ ಟೈರು. ಮತ್ತೆ ಠಣ್.

ಅವರು ಗಾಡಿ ಹತ್ತಿರಲಿಲ್ಲ. ನಾನು ಕಿರುಚಿದ್ದರಿಂದ ಸುತ್ತು ಮುರಿದಿತ್ತು. ಬಾಗಿಲಿಗೆ ಹೋದದ್ದು ಮೊದಲಿನಿಂದ ಶುರು ಮಾಡಲು. ಠಣ್ ಠಣ್ ಎನ್ನುತ್ತ ಆ ಸದ್ದು ಹತ್ತಿರ ಬಂತು, ಒಂದು ಜೊತೆ ಸವೆದ ಚಪ್ಪಲಿ ನನ್ನ ಮೂಗಿನ ಮುಂದೆಯೇ ನಿಂತವು, ಅವರ ಮುಖ ಬಗ್ಗಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವರು ಬೈಯಲಿಲ್ಲ. ಕೈ ಕೊಟ್ಟು ಹೊರಗೆಳೆದರು, ಕನ್ನಡಕ ಹುಡುಕಿ ಒರೆಸಿ ಕೊಟ್ಟರು, ಗೇಟ್ ಪಾಸನ್ನೂ ತೆಗೆದುಕೊಟ್ಟರು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಇಂಥ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿಯುವುದಿಲ್ಲವೆಂದು ಒಂದು ಗಂಟೆ ನೀರು ಕುಡಿಯುತ್ತ ಕೂತು, ಆಮೇಲೆ ಮತ್ತೊಂದು ಸುತ್ತು ಹಾಕಿ ಹೊರಟುಹೋದರು.

ಇನ್ನು ನಾಚಿಕೆಯ ಮಾತು. ನಮ್ಮ ಗೇಟಿನಲ್ಲಿ ಒಂದು ಕಪ್ಪು ಹಲಗೆ ಇತ್ತು. ಯಾವ ಗಾಡಿ ಯಾಕೆ ತಡವಾಗಿ ಹೊರಟಿತೆಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ವಾರಕ್ಕೊಮ್ಮೆ ಮ್ಯಾನೇಜರು ನೋಡಿದ ಮೇಲೆ ಒರೆಸುವುದು. ಆ ಸಂಜೆ ಹಲಗೆಯ ಮುಂದೆ ತುಂಬ ಹೊತ್ತು ನಿಂತೆ. 'ಗೇಟಿನ ಯಜಮಾನರು ಚಕ್ರದಡಿ ಕೂತಿದ್ದರಿಂದ' ಎಂದು ಬರೆಯಲು ಕೈ ಬರಲಿಲ್ಲ. 'ಚಾಲಕನಿಂದ ತಡ' ಎಂದು ಬರೆದೆ. ನನ್ನ ಜೀವ ಉಳಿಸಿದ ಮನುಷ್ಯನ ಹೆಸರಿನ ಮುಂದೆ, ಜೀವ ಉಳಿದ ಕೈಯಿಂದಲೇ ಬರೆದೆ. ಮ್ಯಾನೇಜರು ಅದನ್ನು ನೋಡಿ ಸನ್ಯಾಸಿ ರಾವ್ ಅವರನ್ನು ವಿಜಯವಾಡದ ಪಾಳಿಯಿಂದ ತೆಗೆದು, ಬಂದರಿಗೂ ಯಾರ್ಡಿಗೂ ನಡುವಿನ ಓಡಾಟಕ್ಕೆ ಹಾಕಿದರು. ಭವಾನಿಪುರದ ಮಗಳಿಗೆ ಆಗ ದಿನ ತುಂಬಿತ್ತು. ಹೆಣ್ಣು ಮಗು ಹುಟ್ಟಿತು. ರಜೆಯೂ ಸಿಗದೆ, ಅಜ್ಜ ಆ ಮಗುವಿನ ಮುಖ ನೋಡಿದ್ದು ನಾಲ್ಕು ತಿಂಗಳ ಮೇಲೆ.

ನಾನು ಬಾಯಿ ಬಿಡಲಿಲ್ಲ, ಅವರೂ ಕೇಳಲಿಲ್ಲ. ಒಂದೆರಡು ವರ್ಷದಲ್ಲಿ ಅವರು ಕೆಲಸ ಬಿಟ್ಟು ಗಂಗಮ್ಮನವರೊಂದಿಗೆ ಮಗಳ ಊರಿಗೇ ಹೋಗಿ ನೆಲೆಸಿದರು. ನಾನೂ ನಿವೃತ್ತನಾದೆ. ಬಿಡುವು ದೊಡ್ಡ ಕಾಟ. ಅವಸರದಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಅದು ಒಂದೊಂದಾಗಿ ತೆಗೆದು ತೋರಿಸುತ್ತದೆ. ಬೆಳಗ್ಗೆ ಕಾಫಿ ಲೋಟ ಹಿಡಿದಾಗ, ಮಗಳು ಋಷಿಕೊಂಡದ ಆಫೀಸಿನಿಂದ ಬಂದು ತೆಲುಗಿನಲ್ಲಿ "ನಾನ್ನಾ, ತಿನ್ನಾರಾ?" ಎಂದು ಅಪ್ಪನ ಊಟ ವಿಚಾರಿಸಿದಾಗ, ಇದೆಲ್ಲ ಒಬ್ಬ ಮನುಷ್ಯನ ಹತ್ತು ನಿಮಿಷದ ಹಟದಿಂದ ನನಗೆ ದಕ್ಕಿದ್ದು ಎನಿಸುತ್ತಿತ್ತು. ಮತ್ತೆ ಯೋಚಿಸುತ್ತಿದ್ದೆ: ಅಡಿಯಲ್ಲಿ ನಾನಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲವಲ್ಲ! ಯಾರೂ ಇಲ್ಲದ ಸಾವಿರಾರು ದಿನ ಸುತ್ತಿದ್ದರಿಂದಲ್ಲವೆ ನಾನಿದ್ದ ಒಂದು ದಿನವೂ ಸುತ್ತಿದ್ದು? 'ಇವತ್ತು ಏನೂ ಆಗಲಿಲ್ಲ' ಎಂದು ನಾವು ಎಷ್ಟು ಹಗುರವಾಗಿ ಹೇಳಿಬಿಡುತ್ತೇವೆ. ಆ ಏನೂ ಆಗದಿರುವುದರ ಹಿಂದೆ ಹೆದ್ದಾರಿಯುದ್ದಕ್ಕೂ ಯಾರು ಯಾರೋ ಟೈರು ಬಡಿದಿರುತ್ತಾರೆ, ಸರಪಳಿ ಜಗ್ಗಿರುತ್ತಾರೆ, ನಿದ್ದೆ ಬಂತೆಂದು ಗಾಡಿಯನ್ನು ಬದಿಗೆ ನಿಲ್ಲಿಸಿ ಮುಖ ತೊಳೆದುಕೊಂಡಿರುತ್ತಾರೆ. ಅವರಿಗೆ ನಮ್ಮ ಹೆಸರು ಗೊತ್ತಿಲ್ಲ, ನಮಗೆ ಅವರ ಮುಖ ಗೊತ್ತಿಲ್ಲ. ನನಗಾದರೋ ಮುಖ, ಹೆಸರು, ಊರು ಎಲ್ಲ ಗೊತ್ತಿತ್ತು. ಆದರೂ ಸುಮ್ಮನೆ ಕೂತಿದ್ದೆನಲ್ಲ ಎಂಬುದೇ ನನ್ನ ಸಂಕಟವಾಗಿತ್ತು.

ಹೋದ ತಿಂಗಳು ಮನಸ್ಸು ಗಟ್ಟಿ ಮಾಡಿ, ಒಂದು ಡಬ್ಬಿ ಮಾಡುಗುಲ ಹಲ್ವಾ ಹಿಡಿದು, ದುವ್ವಾಡದಲ್ಲಿ ರೈಲು ಹತ್ತಿದೆ. ಭವಾನಿಪುರದಲ್ಲಿ ಕೃಷ್ಣೆಯ ಗಾಳಿ ಬೀಸುವ ಬೀದಿಯೊಂದರಲ್ಲಿ ಅವರ ಮನೆ. ಗಂಗಮ್ಮನವರು ಬಾಗಿಲಲ್ಲೇ, "ಬರ್ರಿ ಅಣ್ಣಾರೇ, ಏನು ದಾರಿ ತಪ್ಪಿ ಬಂದ್ರಿ!" ಎಂದು ಕನ್ನಡ ಮಾತಾಡಲು ಸಿಕ್ಕ ಖುಷಿಯಲ್ಲಿ ಕರೆದರು. ಸನ್ಯಾಸಿ ರಾವ್ ತುಸು ಬಗ್ಗಿದ್ದಾರೆ, ಅಷ್ಟೆ. ಅವರ ಪಕ್ಕ ಆ ಮೊಮ್ಮಗಳು, ಈಗ ಎಂಟು ವರ್ಷದವಳು, ಹೋಂವರ್ಕ್ ಬರೆಯುತ್ತ ಕೂತಿದ್ದಳು. ಅವಳನ್ನು ನೋಡುತ್ತಲೇ, ದಾರಿಯುದ್ದ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಸನ್ಯಾಸಿ ರಾವ್ ಗಾರು, ಆವತ್ತು ಹಲಗೆ ಮೇಲೆ ನಿಮ್ಮ ಹೆಸರು ಬರೆದದ್ದು ನಾನೇ. ಸುಳ್ಳು ಬರೆದೆ. ಈ ಕೂಸಿನ ಮುಖ ನೋಡೋದು ತಪ್ಪಿಸಿದೆ. ಹೊಟ್ಟೆಗೆ ಹಾಕ್ಕೊಳ್ಳಿ" ಎಂದೆ. ಒಂದೇ ಉಸಿರಿಗೆ ಎಂದುಬಿಟ್ಟೆ.

ಅವರು ನಕ್ಕರು. "ನಂಗೆ ಗೊತ್ತು ಸಾರ್. ಗೇಟಿನಾಗೆ ನೀವಲ್ದೆ ಇನ್ಯಾರು ಬರೀತಾರಂಡಿ?"

"ಮತ್ತೆ ಒಂದು ಮಾತೂ ಕೇಳಲಿಲ್ಲ ನೀವು?"

ಅವರು ಮೊಮ್ಮಗಳ ತಲೆ ಸವರಿದರು. ಆಮೇಲೆ, "ಆವತ್ತು ವಿಜಯವಾಡದ ತನಕ ಒಂದೇ ಯೋಚನೆ ಸಾರ್. ಆ ಸುತ್ತು ಬಿಟ್ಟಿದ್ರೆ ಏನಾಗ್ತಿತ್ತು, ಏನಾಗ್ತಿತ್ತು ಅಂತ. ಮಗಳ ಮನ್ಯಾಗೆ ಅನ್ನ ಇಳೀಲಿಲ್ಲ. ಕಣ್ಣು ಮುಚ್ಚಿದ್ರೆ ಚಕ್ರದ ಅಡಿಗೆ ನೀವೇ ಕಾಣ್ತಿದ್ರಿ. ವಾಪಸ್ ಬಂದು ಗೇಟಿನಾಗೆ ಹಲಗೆ ನೋಡಿದ್ರೆ, ನಿಮ್ಮ ಅಕ್ಷರ. ಸಿಟ್ಟು ಬರಬೇಕಿತ್ತು, ಬರ್ಲಿಲ್ಲ. ಅಮ್ಮಯ್ಯ, ಸದ್ಯ, ಬರಿಯೋ ಕೈ ಬರೀತಾನೇ ಐತಲ್ಲ ಅಂದ್ಕೊಂಡೆ. ಆಮೇಲೇನೇ ಹೊಟ್ಟೆ ತುಂಬ ಉಂಡಿದ್ದು" ಎಂದರು.

ಮಡಿಲಲ್ಲಿ ಬಿದ್ದಿದ್ದ ನನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡೆ. ಆಮೇಲೆ, ಅವರು "ಅಯ್ಯೋ, ಇದೇನ್ ಸಾರ್" ಎಂದು ತಡೆಯುತ್ತಿದ್ದರೂ ಕೇಳದೆ, ಅವೆರಡನ್ನೂ ಅವರ ಮುಂದೆ ಜೋಡಿಸಿದೆ.