ಮೋಟರಿನ ಮಗ್ಗುಲಲ್ಲಿ ಬಿಟ್ಟ ಜಾಲಿ ಬೆಣೆ

ಆ ಬೆಣೆಯನ್ನು ಅಲ್ಲಿಟ್ಟವನು ನಾನು. ತೆಗೆಯಲು ಮರೆತವನೂ ನಾನು. ಮರೆತದ್ದು ನೆನಪಾದ ಮೇಲೂ ತೆಗೆಯದೆ ಸುಮ್ಮನೆ ನಿಂತವನು — ಅದೂ ನಾನೇ. ಮೊದಲ ಎರಡನ್ನು ತಪ್ಪು ಎನ್ನಬಹುದು. ಮೂರನೆಯದಕ್ಕೆ ಬೇರೆ ಹೆಸರಿದೆ. ಊರಿನವರೆಲ್ಲರ ದನಿ ಹೊರಡಿಸುವ ಈ ಬಾಯಿಯಿಂದ ಆ ಒಂದು ಹೆಸರು ಹೊರಡಲು ಐದು ವರ್ಷ ಹಿಡಿಯಿತು.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆ ನೀವು ಓಡಾಡಿದ್ದರೆ ಒಂದು ಮಾತು ಕಿವಿಗೆ ಬಿದ್ದೇ ಇರುತ್ತದೆ: "ಉಸಿರು ಕಟ್ಟೈತೆ ಕಣ್ರೀ ಇದಕ್ಕೆ!" ಆಟೊ ಏರು ಹತ್ತದೆ ನಿಂತರೆ ಹಾಗೆನ್ನುತ್ತಾರೆ. ಮದುವೆ ಊಟದಲ್ಲಿ ಮೂರನೇ ಹೋಳಿಗೆಗೆ ಕೈ ಹಾಕಿದವನನ್ನು ಕಂಡು ಹಾಗೆನ್ನುತ್ತಾರೆ. ಮೂಗಿನಲ್ಲಿ ಸ್ವಲ್ಪ ಎಳೆದು, ಕಣ್ಣು ಮುಚ್ಚಿ, ಅಂಗೈಯನ್ನು ಎದುರಿನವನ ಎದೆಗೆ ಒತ್ತಿ. ಆಮೇಲೆ ಎಲ್ಲರೂ ನಗುತ್ತಾರೆ. ಆ ಮಾತು ಪಾಲಯ್ಯಣ್ಣನದು. ಆ ನಗು ನಾನು ಹಂಚಿದ್ದು.

ನನ್ನ ಹೆಸರು ಶ್ರೀನಿವಾಸ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಸೀನ, ಚಳ್ಳಕೆರೆಯ ಮಿಲ್ಲುಗಳಲ್ಲಿ ರೇಡಿಯೊ. ಯಾರ ದನಿ ಬೇಕೋ ಹೇಳಿ, ಬರುತ್ತದೆ — ಖಾಸಗಿ ಬಸ್ಸಿನ ಕಂಡಕ್ಟರು, ಮಾರುಕಟ್ಟೆ ಯಾರ್ಡಿನಲ್ಲಿ ಹರಾಜು ಕೂಗುವವರು, ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ನಮ್ಮಮ್ಮ, ಕೆಸರಿನಲ್ಲಿ ಸಿಕ್ಕ ಟ್ರ್ಯಾಕ್ಟರು. ನನ್ನನ್ನೇ ಅಣಕಿಸು ಎಂದರೆ ಅದಂತೂ ಇನ್ನೂ ಸುಲಭ: ಜೇಬಿನಲ್ಲಿ ಎರಡು ಪೆನ್ನು, ಡಿಪ್ಲೊಮಾ ಮುಗಿದು ಆರೇ ತಿಂಗಳು, ಆದರೂ ಜಗತ್ತಿನ ನಟ್ಟುಗಳನ್ನೆಲ್ಲ ತಾನೇ ಬಿಗಿದವನಂಥ ನಡಿಗೆ. ಐದು ವರ್ಷದ ಹಿಂದೆ ಪಾಲಯ್ಯಣ್ಣ ದುಡಿಯುವ ಮಿಲ್ಲಿನೊಳಗೆ ನಡೆದುಬಂದದ್ದು ಆ ನಡಿಗೆಯೇ.

ಶೇಂಗಾ ಹಿಂಡಿ ಎಣ್ಣೆ ತೆಗೆಯುವ ಯಂತ್ರಕ್ಕೆ ಕಾಗದದಲ್ಲಿ ಏನೇ ಹೆಸರಿರಲಿ, ಅಲ್ಲಿಯವರ ಬಾಯಲ್ಲಿ ಅದು ಇನ್ನೂ ಗಾಣವೇ. ಗಾಣಕ್ಕೆ ಎಷ್ಟು ಬೀಜ ಬಿಡಬೇಕು, ಯಾವಾಗ ತಗ್ಗಿಸಬೇಕು ಎನ್ನುವುದೆಲ್ಲ ಪಾಲಯ್ಯಣ್ಣನ ಅಂಗೈಗೆ ಬಿಟ್ಟದ್ದು. ಮೂವತ್ತು ವರ್ಷದಿಂದ ಅಲ್ಲೇ ಮೇಸ್ತ್ರಿ. ಗಾಣದ ಮೈಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ಎದೆಬಡಿತ ನೋಡುವ ಡಾಕ್ಟರಂತೆ ನಿಲ್ಲುತ್ತಿದ್ದರು. ಯಜಮಾನರಿಗೆ ಅದು ಸಾಲದಾಗಿತ್ತು. "ಪಾಲಯ್ಯ ರಜಾ ಹಾಕಿದ ದಿನ ನಾನ್ಯಾರ ಕೈ ಇಟ್ಕಂಬಲಿ?" ಎಂದು, ಒತ್ತಡವನ್ನು ಅಂಕಿಯಲ್ಲಿ ತೋರಿಸುವ ಒಂದು ಅಳತೆಯ ಬಿಲ್ಲೆ ತರಿಸಿದ್ದರು. ಅದನ್ನು ಕೂರಿಸಲು ಕಂಪನಿಯವರು ಕಳಿಸಿದ್ದು ನನ್ನನ್ನು.

ಆ ಬಿಲ್ಲೆಯ ಗುಟ್ಟು ಇಷ್ಟೇ. ತಿರುಗುವ ದಂಡವನ್ನು ಅದು ಮುಟ್ಟುವುದೇ ಇಲ್ಲ. ಮುದ್ದೆ ತೊಳಸುವಾಗ ಕೋಲು ಒಂದು ಕಡೆ ತಿರುಗಿದರೆ ಪಾತ್ರೆ ಇನ್ನೊಂದು ಕಡೆ ತಿರುಗಲು ನೋಡುತ್ತದಲ್ಲ — ಅದಕ್ಕೇ ಹೆಂಗಸರು ಪಾತ್ರೆಗೆ ಕವೆಗೋಲು ಸಿಕ್ಕಿಸಿ ಕಾಲಿನಲ್ಲಿ ಒತ್ತಿ ಹಿಡಿಯುತ್ತಾರೆ. ಮುದ್ದೆ ಗಟ್ಟಿಯಾದಷ್ಟೂ ಕವೆಗೋಲು ಕಾಲನ್ನು ಒದೆಯುತ್ತದೆ. ಮೋಟರೂ ಹಾಗೇ. ಗಾಣವನ್ನು ಒಂದು ಕಡೆ ತಿರುಗಿಸುವಾಗ ತನ್ನ ಮೈಯನ್ನು ಇನ್ನೊಂದು ಕಡೆ ತಿರುಚುತ್ತದೆ. ಮೋಟರಿನ ಭಾರ ಹೊರಲು ತೊಟ್ಟಿಲಿನಂಥ ಒಂದು ಚೌಕಟ್ಟು. ತಿರುಚದಂತೆ ತಡೆದು ನಿಲ್ಲಲು ಬಿಲ್ಲೆ ಒಂದೇ. ಬಿಲ್ಲೆ ಎಷ್ಟು ಒದೆ ತಿನ್ನುತ್ತದೋ ಗಾಣ ಅಷ್ಟು ಕಷ್ಟಪಡುತ್ತಿದೆ ಎಂದು ಲೆಕ್ಕ. ನೂರು ಮುಟ್ಟಿದರೆ ಕೆಂಪು ದೀಪ.

ಆದರೆ ಒಂದು ಷರತ್ತು — ಬಿಲ್ಲೆ ಬಿಟ್ಟು ಇನ್ನೇನೂ ಮೋಟರನ್ನು ತಡೆದು ಹಿಡಿದಿರಬಾರದು. ಏನೂ.

ಬೋಲ್ಟು ಬಿಗಿಯುವಾಗ ಮೋಟರು ತೊಟ್ಟಿಲಲ್ಲಿ ತೂಗದಿರಲಿ ಎಂದು ಮಗ್ಗುಲಿಗೆ ಒಂದು ಜಾಲಿ ಮರದ ಬೆಣೆ ಬಡಿದೆ. ಬಿಗಿದು ಮುಗಿಸಿದೆ. ಸೊನ್ನೆ ಹೊಂದಿಸಿದೆ. ಅಷ್ಟರಲ್ಲಿ ಪೂಜೆ. ಯಜಮಾನರ ತಾಯಿ ಮೋಟರಿಗೆ, ಬಿಲ್ಲೆಗೆ, ಅಲ್ಲೇ ಕಂಡ ಬೆಣೆಗೂ ಅರಿಶಿನ ಕುಂಕುಮ ಹಚ್ಚಿ ಹೂ ಇಟ್ಟರು. ಅಲ್ಲಿರುವುದೆಲ್ಲ ಯಂತ್ರದ ಅಂಗವೇ ಎಂದು ಅವರ ನಂಬಿಕೆ. ಕುಂಕುಮ ಬಿದ್ದ ಮೇಲೆ ಅದನ್ನು ಅಲುಗಿಸಲು ಆ ಮಿಲ್ಲಿನಲ್ಲಿ ಯಾರ ಕೈಯೂ ಬಾರದು. ಗಾಣ ಹೊರಟಿತು. ಅಂಕಿ ಐವತ್ತರ ಮೇಲೆ ಏರಲಿಲ್ಲ. ಯಜಮಾನರ ಮುಖ ಅರಳಿತು. "ಇನ್ನೂ ಅರ್ಧ ಜಾಗ ಐತಲ್ಲೋ! ಹಾಕ್ರೋ ಬೀಜ!"

ಆಗ ನನಗೆ ಬೆಣೆ ನೆನಪಾಯಿತು.

ಬೆಣೆ ಅಲ್ಲಿದ್ದರೆ ಅರ್ಧ ಒದೆ ಅದೇ ತಿನ್ನುತ್ತದೆ, ಬಿಲ್ಲೆಗೆ ಉಳಿದರ್ಧ ಮಾತ್ರ. ಗೊತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟೆ ಕೂಡ — ಆದರೆ ಯಜಮಾನರ ಕೈ ನನ್ನ ಹೆಗಲ ಮೇಲಿತ್ತು, ಎದುರಿಗೆ ಇಪ್ಪತ್ತು ಜನ, "ಭೇಷ್ ಕಣಯ್ಯ" ಎಂಬ ಮಾತು ಇನ್ನೂ ಬಿಸಿಯಾಗಿತ್ತು... ನಾಳೆ ತೆಗೆದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ದಿನವೂ ಹೂ ಬಂತು. ನನ್ನ ತಪ್ಪಿಗೆ ಮೂರು ದಿನ ಪೂಜೆ ನಡೆಯಿತು.

ಎರಡನೇ ದಿನವೇ ಪಾಲಯ್ಯಣ್ಣ ಗಾಣದ ಮೇಲೆ ಕೈ ಇಟ್ಟು ಹೇಳಿದರು: "ಉಸಿರು ಕಟ್ಟೈತೆ ಕಣ್ರೀ ಇದಕ್ಕೆ. ಬೀಜ ತಗ್ಗಿಸ್ರಿ."

ಯಜಮಾನರು ನನ್ನ ಕಡೆ ನೋಡಿದರು. ನಾನು ಏನು ಮಾಡಿದೆ ಗೊತ್ತೆ? ಕಣ್ಣು ಮುಚ್ಚಿದೆ. ಪಕ್ಕದಲ್ಲಿದ್ದ ಹಮಾಲಿಯ ಹೊಟ್ಟೆಗೆ ಅಂಗೈ ಒತ್ತಿ, ಮೂಗಿನಲ್ಲಿ ಎಳೆದು — "ಉಸಿರು ಕಟ್ಟೈತೆ ಕಣ್ರೀ ಇದಕ್ಕೆ!" ಮಿಲ್ಲಿಗೆ ಮಿಲ್ಲೇ ಬಿದ್ದು ಬಿದ್ದು ನಕ್ಕಿತು. ಪಾಲಯ್ಯಣ್ಣ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಮುಟ್ಟಬಾರದ್ದನ್ನು ಮುಟ್ಟಿದವರಂತೆ.

ಮೂರನೇ ದಿನ ಗಾಣದ ದಂಡ ಮುರಿಯಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಅಂಕಿ ಆಗಲೂ ಐವತ್ತೆಂಟು. "ಹಂಗಾದ್ರೆ ಯಾಕೆ ಮುರೀತು?" ಎಂದರು ಯಜಮಾನರು. ಎಲ್ಲರೂ ಮುರಿದ ದಂಡದ ಸುತ್ತ ಇದ್ದಾಗ ನಾನು ಬೆಣೆ ಕಿತ್ತು ಜೇಬಿಗೆ ಹಾಕಿಕೊಂಡಿದ್ದೆ. ತೊಡೆಗೆ ಚುಚ್ಚುತ್ತಿತ್ತು. ಹಾಗೆ ಚುಚ್ಚುತ್ತಿರುವಾಗಲೇ ಹೇಳಿದೆ: "ಅಳತೆ ಸುಳ್ಳು ಹೇಳಲ್ಲ ಯಜಮಾನ್ರೇ. ಕೈ ಹೇಳ್ತೈತೆ."

ಬೀಜದ ಜೊತೆ ಕಲ್ಲು ನುಂಗಿಸಿದ ಎಂಬ ಅಪವಾದ ಪಾಲಯ್ಯಣ್ಣನ ಮೇಲೆ ಬಿತ್ತು. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೇ ವಾಸಿಯಿತ್ತೇನೋ. ಅಂಗಳದಲ್ಲಿ ಹಿಂಡಿ ಚೀಲದ ಬಾಯಿ ಹೊಲಿಯಲು ಕೂರಿಸಿದರು — ಗಾಣದ ಸದ್ದು ದಿನವಿಡೀ ಕೇಳುವ ಜಾಗದಲ್ಲಿ. ನಾನು? ನನ್ನ ಹೆಸರು ಬೆಳೆಯಿತು. ಮಿಲ್ಲಿಂದ ಮಿಲ್ಲಿಗೆ ಬಿಲ್ಲೆ ಕೂರಿಸಿದೆ, ಹೋದಲ್ಲೆಲ್ಲ ಪಾಲಯ್ಯಣ್ಣನ ದನಿ ತೆಗೆದೆ. ಬೆಣೆ ಮಾತ್ರ ಮತ್ತೆಲ್ಲೂ ಮರೆಯಲಿಲ್ಲ. ಕಳ್ಳನಿಗೆ ಬೀಗದ ಮೇಲೆ ಇರುವಷ್ಟು ಗಮನ ಬೇರೆ ಯಾರಿಗಿರುತ್ತದೆ ಹೇಳಿ?

ಈ ವರ್ಷ ಒಂದು ಭಾನುವಾರ ಮೊಳಕಾಲ್ಮೂರಿನಲ್ಲಿ ಅಮ್ಮ ಮುದ್ದೆ ತೊಳಸುತ್ತಿದ್ದಳು. ಪಾತ್ರೆ ಓಲಾಡುತ್ತಿತ್ತು. ಸಹಾಯವಾಗಲೆಂದು ನಾನು ಒಂದು ಇಟ್ಟಿಗೆ ತಂದು ಪಾತ್ರೆಯ ಕಿವಿಗೆ ಒತ್ತಿಟ್ಟೆ. ಅಮ್ಮ ಉರಿದುಬಿದ್ದಳು. "ತೀಯ್‌ರಾ ದಾನ್ನಿ! ತೆಗಿಯೋ ಅದನ್ನ! ಇಟ್ಟಿಗೆ ಕೊಟ್ರೆ ಬೆಂದಿದ್ದು ನನ್ನ ಕಾಲಿಗೆ ಹೆಂಗೋ ಗೊತ್ತಾಗ್ಬೇಕು? ಇಂಜಿನಿಯರ್ ಅಂತೆ, ಇಂಜಿನಿಯರು!"

ಇಟ್ಟಿಗೆ ತೆಗೆದೆ. ಓದು ಬಾರದ ಅಮ್ಮನಿಗೆ ಅರೆ ನಿಮಿಷದಲ್ಲಿ ಹೊಳೆದದ್ದನ್ನು ನಾನು ಐದು ವರ್ಷ ಆ ಬೆಣೆಯ ಜೊತೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ. ಮಾರನೆಯ ದಿನ ಮೊದಲ ಬಸ್ಸಿಗೆ ಚಳ್ಳಕೆರೆಗೆ ಬಂದೆ. ಬೆಣೆ ಜೇಬಿನಲ್ಲಿತ್ತು.

ಪಾಲಯ್ಯಣ್ಣ ಚೀಲ ಹೊಲಿಯುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಬೆಣೆಯನ್ನು ಅವರ ಮುಂದಿಟ್ಟೆ. ಕುಂಕುಮದ ಕಲೆ ಇನ್ನೂ ಇತ್ತು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ — ಬೈದಿದ್ದರೆ ಆ ಬೈಗಳನ್ನೂ ಅಣಕಿಸಲು ಕಲಿತುಬಿಡುತ್ತಿದ್ದೆನೇನೋ, ನನ್ನ ಜಾತಕವೇ ಅಂಥದ್ದು. ಅವರು ಬೈಯಲಿಲ್ಲ. ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

"ಇದು ಸತ್ತೋಗೈತೆ ಅಂದ್ಕಂಡಿದ್ನಲ್ಲೋ," ಎಂದರು. "ಐದು ವರ್ಷ ಆತು, ಒಂದು ಮಿಷನ್ನೂ ಮುಟ್ಟಿಲ್ಲ. ಮೊಮ್ಮಗಳಿಗೆ ಜ್ವರ ಬಂದ್ರೂ ಹಣೆ ಮುಟ್ಟಿ ನೋಡ್ಲಿಲ್ಲ. ನಂಗೇನು ತಿಳೀತೈತೆ ಬಿಡು ಅಂತ..."

ಇದು ನನಗೆ ಗೊತ್ತಿರಲಿಲ್ಲ. ಹೆಸರು ಕೆಡಿಸಿದೆ, ಜಾಗ ಕಿತ್ತುಕೊಂಡೆ — ಅಷ್ಟೇ ಎಂದುಕೊಂಡಿದ್ದೆ. ಅವರ ಕೈಯನ್ನೇ ಅವರಿಂದ ಕಿತ್ತುಕೊಂಡಿದ್ದೆ.

ಕಾಲಿಗೆ ಬೀಳಲು ಹೋದೆ. ಸೂಜಿ ಎತ್ತಿ ತಡೆದರು. "ಎದ್ದೇಳಲೇ. ನನ್ನ ಹತ್ರ ಯಾಕೆ ಅಳ್ತೀಯ? ನಾನೇನು ನಕ್ಕಿದ್ನಾ? ನಕ್ಕೋರಿಗೆ ಹೇಳ್ಹೋಗು."

ಹೋದೆ. ಯಜಮಾನರಿಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಆ ವಾರವೇ ಎರಡನೇ ಗಾಣಕ್ಕೆ ಬಿಲ್ಲೆ ಕೂರಿಸುವುದಿತ್ತು. "ಎಲ್ಲರ ಮುಂದೇನೇ ಕೂರಿಸ್ತೀನಿ. ಆಮೇಲೆ ನೀವು ಒದ್ದು ಓಡಿಸಿದ್ರೂ ಸರಿ," ಎಂದೆ. ಹಮಾಲಿಗಳು, ಚೀಲ ಹೊಲಿಯುವವರು, ಪಕ್ಕದ ಮಿಲ್ಲಿನವರು, ಚಾ ಅಂಗಡಿಯ ಸಾಬರೂ ಬಂದರು. ರೇಡಿಯೊ ಏನೋ ಹೊಸ ಆಟ ಆಡುತ್ತಾನೆ ಎಂದು ಬಂದವರೇ ಹೆಚ್ಚು.

ಆಟವನ್ನೇ ಆಡಿದೆ. ಎರಡು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಇಪ್ಪತ್ತೆರಡು ವಯಸ್ಸಿನ ಅಂದಿನ ನನ್ನನ್ನು ನಡೆಸಿ ತೋರಿಸಿದೆ. ಬೆಣೆ ಬಡಿದೆ, ಬೋಲ್ಟು ಬಿಗಿದೆ. ಮೋಟರಿನ ಮೈಗೆ ಒಂದು ಕಬ್ಬಿಣದ ತೋಳು ಕಟ್ಟಿ, ತುದಿಗೆ ಯಾರ್ಡಿನಿಂದ ತಂದ ತೂಕದ ಕಲ್ಲು ತೂಗುಬಿಟ್ಟೆ. ಅಂಕಿ ನಲವತ್ತು. ಬೆಣೆ ಕಿತ್ತೆ. ಅದೇ ಕಲ್ಲು, ಅದೇ ತೋಳು — ಎಂಬತ್ತು. "ಇವತ್ತು ಆಟ ಅಷ್ಟೇ," ಎಂದೆ. "ಆವತ್ತು ಈ ಬೆಣೆ ತೆಗೀದೆ ಬಿಟ್ಟೋನು ನಾನು. ಗಾಣದಲ್ಲಿ ಕಲ್ಲಿರಲಿಲ್ಲ. ಕಲ್ಲು ಇದ್ದಿದ್ದು ಇಲ್ಲಿ." ಎದೆ ಮುಟ್ಟಿಕೊಂಡೆ. ಯಾರೂ ನಗಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಆಟಕ್ಕೆ ಯಾರೂ ನಗಲಿಲ್ಲ.

ಯಜಮಾನರು ಪಾಲಯ್ಯಣ್ಣನ ಕಡೆ ತಿರುಗಿದರು. "ಬಾರಪ್ಪ," ಎಂದರು, ಅಷ್ಟೇ.

ಗಾಣ ಹೊರಟಿತು. ಅಂಕಿ ತೋರುವ ಪೆಟ್ಟಿಗೆಗೆ ನಾನು ಟವೆಲ್ ಮುಚ್ಚಿದೆ. ಪಾಲಯ್ಯಣ್ಣ ಬಂದು ಗಾಣದ ಮುಂದೆ ನಿಂತರು. ಕೈ ಎತ್ತಿದರು, ತಡೆದರು, ಪಂಚೆಗೆ ಒರೆಸಿಕೊಂಡರು. ಆ ಐದು ವರ್ಷ ದಾಟಲು ಅವರ ಅಂಗೈಗೆ ಒಂದು ಗೇಣಿನ ದಾರಿ ಉಳಿದಿತ್ತು. ಇಟ್ಟರು. ಕಣ್ಣು ಮುಚ್ಚಿದರು.

"ಬಿಡ್ರೋ ಬೀಜ," ಎಂದರು. ಬಿಟ್ಟರು. "ಇನ್ನೊಂದಿಷ್ಟು." ಬಿಟ್ಟರು. ಎಣ್ಣೆ ದಾರವಾಗಿ, ಆಮೇಲೆ ಹಗ್ಗವಾಗಿ ಇಳಿಯಿತು. "ತಡಿ... ಈಗ ಎಳೀತೈತೆ." ನನಗೆ ಯಾವ ಬದಲಾವಣೆಯೂ ಕೇಳಿಸಲಿಲ್ಲ, ಗಾಣದ ದನಿಯನ್ನೂ ತೆಗೆಯುವ ರೇಡಿಯೊಗೆ ಏನೂ ಕೇಳಿಸಲಿಲ್ಲ. ಅವರ ಬೆರಳು ಬಿಗಿಯಾದವು.

"ತಗ್ಗಿಸ್ರೋ! ಉಸಿರು ಕಟ್ಟೈತೆ ಇದಕ್ಕೆ!"

ಟವೆಲ್ ಕಿತ್ತೆ. ತೊಂಬತ್ತೆಂಟು. ನಾವು ನೋಡನೋಡುತ್ತಿದ್ದಂತೆ ತೊಂಬತ್ತೊಂಬತ್ತು, ನೂರು — ಕೆಂಪು ದೀಪ ಹತ್ತಿತು. ಕೈ ಮೊದಲು, ದೀಪ ಆಮೇಲೆ!

ಆ ಕೂಗು, ಆ ಶಿಳ್ಳೆ! ಹಮಾಲಿಗಳು ಪಾಲಯ್ಯಣ್ಣನನ್ನು ಹೆಗಲಿಗೆತ್ತಿಕೊಂಡರು. ಚಾ ಅಂಗಡಿಯ ಸಾಬರು "ಶಾಬಾಷ್, ಉಸ್ತಾದ್!" ಎಂದು ಕೂಗಿ ಇಡೀ ಕೆಟ್ಲು ತರಿಸಿದರು. ಯಜಮಾನರ ತಾಯಿ ಈ ಸಲ ಕುಂಕುಮ ತಂದು ಮೋಟರನ್ನು ಬಿಟ್ಟು ನೇರ ಆ ಅಂಗೈಗೆ ಹಚ್ಚಿದರು. ನಾನು ಕೂಡ ಕುಣಿದೆ. ನನಗೆ ಕುಣಿಯುವ ಹಕ್ಕಿತ್ತೋ ಇಲ್ಲವೋ — ಕಾಲು ಕೇಳಲಿಲ್ಲ. ಸೋತವನಿಗೂ ಇಷ್ಟು ಸಂತೋಷವಾಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ.

ಹೆಗಲಿಂದ ಇಳಿದ ಪಾಲಯ್ಯಣ್ಣ ನನ್ನ ಜೇಬಿನಿಂದ ಎರಡೂ ಪೆನ್ನು ಎಳೆದು ತಮ್ಮ ಬನಿಯನ್ನಿಗೆ ಸಿಕ್ಕಿಸಿಕೊಂಡರು. ಎದೆ ಉಬ್ಬಿಸಿ, ಕತ್ತು ಓರೆ ಮಾಡಿ, ನನ್ನದೇ ಕೀರಲು ದನಿಯಲ್ಲಿ — "ಅಳತೆ ಸುಳ್ಳು ಹೇಳಲ್ಲ ಯಜಮಾನ್ರೇ!"

ಮಿಲ್ಲು ಹಾರಿಹೋಗುವಂತೆ ನಕ್ಕಿತು. ನನಗಿಂತ ಚೆನ್ನಾಗಿ ಮಾಡಿದರು, ದೇವರಾಣೆ. ಐದು ವರ್ಷ ಅಂಗಳದಲ್ಲಿ ಕೂತು ಆ ಮಾತನ್ನು ಎಷ್ಟು ಸಲ ಕೇಳಿಸಿಕೊಂಡಿದ್ದರೋ ತಮ್ಮೊಳಗೆ... ಆ ನಗುವಿನ ನಡುವೆ ನನ್ನ ಕಣ್ಣು ತುಂಬಿದ್ದು ಅದಕ್ಕೆ.

ಅವರು ಈಗ ಎರಡೂ ಗಾಣಗಳ ಮೇಸ್ತ್ರಿ. ಕ್ಷಮಿಸಿದೆ ಎಂದು ಹೇಳಿಲ್ಲ. ನಾನು ಕೇಳಿಲ್ಲ. ಮೊಮ್ಮಗಳ ಹಣೆ ಮುಟ್ಟದೆ ಕಳೆದ ಆ ದಿನಗಳನ್ನು ಯಾವ ಗೆಲುವೂ ತಿರುಗಿ ತರುವುದಿಲ್ಲ. ಮಿಲ್ಲಿನಲ್ಲಿ ಒಪ್ಪಿಕೊಂಡದ್ದು ಮಿಲ್ಲಿನ ಗೋಡೆಯೊಳಗೇ ಉಳಿಯಿತು. ನಾನು ಹರಡಿದ ನಗು ಮಾತ್ರ ತಾಲ್ಲೂಕು ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಆ ಮಾತು, ಆ ಮೂಗಿನ ಎಳೆತ ನಿಮಗೆ ಕೇಳಿಸಿದರೆ ನಕ್ಕವರಿಗೆ ಹೇಳಿ: ಆ ಕೈ ನಿಜ ಹೇಳಿತ್ತು, ಸೀನ ಸುಳ್ಳು ಹೇಳಿದ್ದ.

ಈಗ ಆ ಮಿಲ್ಲಿನಲ್ಲಿ ಬಿಲ್ಲೆ ಬಿಚ್ಚಿ ಕೂರಿಸಿದಾಗಲೆಲ್ಲ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಪಾಲಯ್ಯಣ್ಣ ಮೋಟರಿನ ಸುತ್ತ ಒಮ್ಮೆ ಕೈ ಆಡಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ಪ್ರತಿ ಸಲವೂ ಅದೇ ಪ್ರಶ್ನೆ:

"ತೆಗೆದ್ಯೇನ್ಲೇ?"

"ತೆಗ್ದೆ ಅಣ್ಣಾ," ಎನ್ನುತ್ತೇನೆ, ನನ್ನದೇ ದನಿಯಲ್ಲಿ. ಎನ್ನುವುದಷ್ಟೇ ಅಲ್ಲ, ಬೆಣೆಯನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸುತ್ತೇನೆ. ಆಮೇಲಷ್ಟೇ ಗಾಣ ತಿರುಗುವುದು.