ಸೋಮವಾರ ತೆರೆಯದ ಸಂದೇಶ

ಸೋಮವಾರ ಬೆಳಿಗ್ಗೆ ನನ್ನ ಗಂಡ ತಮ್ಮ ಸ್ವಂತ ಫೋನನ್ನು ಆಫ್ ಮಾಡಿ ಆಫೀಸ್ ಚೀಲದ ತಳಕ್ಕೆ ಹಾಕಿಬಿಡುತ್ತಿದ್ದರು. ಅಮೆರಿಕದಲ್ಲಿ ಭಾನುವಾರ ಮಧ್ಯಾಹ್ನ ನಡೆಯುವ ಫುಟ್‌ಬಾಲ್ ಪಂದ್ಯ ಜಪಾನಿನಲ್ಲಿರುವ ನಮಗೆ ಸೋಮವಾರದ ನಸುಕಿಗೆ ಬರುತ್ತದೆ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಆಟ ಅದು. ಅದನ್ನು ರೆಕಾರ್ಡ್ ಮಾಡಿಟ್ಟು, ಸಂಜೆ ಆಫೀಸು ಮುಗಿದ ಮೇಲೆ ಅವರೂ ಅವರ ಮೈಸೂರಿನ ಗೆಳೆಯರೊಬ್ಬರೂ ಟೋಕಿಯೊ ಪಕ್ಕದ ಉರಯಾಸುವಿನ ನಮ್ಮ ಮನೆಯಲ್ಲಿ ಕೂತು ನೋಡುತ್ತಿದ್ದರು. ಅಷ್ಟರೊಳಗೆ ಸ್ಕೋರ್ ಎಲ್ಲಿಂದಲೂ ತಿಳಿಯಬಾರದು. ಅದಕ್ಕೆ ಇಬ್ಬರ ಫೋನೂ ಆಫ್.

ಇಬ್ಬರೂ ಒಂದೇ ಕಂಪನಿಯವರು. ಇಲ್ಲಿಗೆ ಬರುವ ಮೊದಲು ಎರಡು ವರ್ಷ ಅಮೆರಿಕದಲ್ಲಿದ್ದಾಗ ಹತ್ತಿದ ಹುಚ್ಚು. ಗೆಳೆಯರ ಹೆಂಡತಿ ಮಕ್ಕಳು ಮೈಸೂರಿಗೆ ಹಿಂದಿರುಗಿದ್ದರು, ನಮಗೆ ಮಕ್ಕಳಿಲ್ಲ. ಸೋಮವಾರ ಅವರು ಕೊಂಬಿನಿ ಅಂಗಡಿಯಿಂದ ಚಿಪ್ಸ್ ತರುವರು, ನಾನು ಅವಲಕ್ಕಿ ಒಗ್ಗರಣೆ ಹಾಕುವೆ.

ಅಲ್ಲಿ ಒಬ್ಬ ಆಟಗಾರ, ಕಪ್ಪು ಜನರ ಮೇಲಿನ ಪೊಲೀಸರ ಹಿಂಸೆಯನ್ನು ವಿರೋಧಿಸಿ, ಪಂದ್ಯಕ್ಕೆ ಮೊದಲು ರಾಷ್ಟ್ರಗೀತೆ ಹಾಡುವಾಗ ಮಂಡಿಯೂರಿದ. ಇಡೀ ದೇಶ ಎರಡಾಯಿತು. ನಮ್ಮ ಸೋಫಾ ಕೂಡ.

"ಆಡೋಕೆ ಬಂದವನು ಆಡ್ಲಿ ಗುರು. ಪ್ರತಿಭಟನೆಗೆ ಬೇರೆ ಜಾಗ ಇಲ್ವಾ?" ಎಂದರು ಗೆಳೆಯರು.

"ಬೇರೆ ಜಾಗದಲ್ಲಿ ಮಾಡಿದ್ರೆ ನೀನು ನೋಡ್ತಿದ್ಯಾ? ಸುಮ್ನೆ ಚಿಪ್ಸ್ ತಿನ್ನು."

"ಅತ್ತಿಗೆ, ಇವನನ್ನ ಪಾರ್ಲಿಮೆಂಟಿಗೆ ಕಳಿಸಿಬಿಡಿ. ಅವಲಕ್ಕಿಯಾದ್ರೂ ಉಳಿಯುತ್ತೆ."

ಆ ಆಟಗಾರನನ್ನು ಮುಂದೆ ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಇವರಿಬ್ಬರ ವಾದ ಮಾತ್ರ ವರ್ಷಗಟ್ಟಲೆ ನಡೆಯಿತು. ಅದರಲ್ಲಿ ನಗು ಇದ್ದಷ್ಟು ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಕಳೆದ ಗಣರಾಜ್ಯೋತ್ಸವಕ್ಕೆ ಕನ್ನಡದವರೆಲ್ಲ ಬಡಾವಣೆಯ ಸಭಾಂಗಣವೊಂದರಲ್ಲಿ ಸೇರಿದ್ದೆವು. ನನ್ನ ಗಂಡನಿಗೆ ಎರಡು ತಿಂಗಳಿಂದ ಬೆನ್ನುನೋವು. ಔಷಧಿ ಅಂಗಡಿಯ ನೋವಿನ ಪಟ್ಟಿ ಅಂಟಿಸಿಕೊಂಡು ಓಡಾಡುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಜನಗಣಮನ ಶುರುವಾದಾಗ ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದು ಏಳಲು ನೋಡಿದರು. ಆಗಲಿಲ್ಲ. ಮತ್ತೆ ಕೂತರು. ಅವರ ಎಡಕ್ಕೆ ನಾನು ನಿಂತಿದ್ದೆ, ಬಲಕ್ಕೆ ಗೆಳೆಯರು. ಗೆಳೆಯರು ಧ್ವಜ ನೋಡುತ್ತಿದ್ದರು. ತಿರುಗಿದಾಗ ಅವರಿಗೆ ಕಂಡದ್ದು ಕೂತಿದ್ದ ಮನುಷ್ಯ ಮಾತ್ರ.

"ಇಲ್ಲೂ ಶುರುವಾಯ್ತಾ ನಿಂದು? ಅವರ ಗೀತೆ ಆಯ್ತು, ಈಗ ನಮ್ಮದಕ್ಕೂ ಕೂರ್ತೀಯಾ?"

ಹಾಡು ಮುಗಿದ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು. ಹಿಂದಿನ ಸಾಲಿನವರು ಕತ್ತು ಚಾಚಿದರು.

"ಹೌದು, ಕೂತೆ. ಏನೀಗ?" ಎಂದರು ನನ್ನ ಗಂಡ.

ನಾನು ಆಗಲೇ ಬಾಯಿ ಬಿಡಬಹುದಿತ್ತು. ಗಂಡಸರ ಜಗಳ, ಸೋಮವಾರದೊಳಗೆ ಸರಿಹೋಗುತ್ತದೆ ಎಂದುಕೊಂಡೆ. ಟ್ರೇನಿನಲ್ಲಿ ಮಾತ್ರ ಕೇಳಿದೆ, "ಬೆನ್ನುನೋವು ಅಂದಿದ್ರೆ ಮುಗೀತಿತ್ತಲ್ಲ?"

"ಇಷ್ಟು ವರ್ಷದ ಸ್ನೇಹ. ಏನಾಯ್ತು ಅಂತ ಒಂದು ಮಾತು ಕೇಳ್ಲಿಲ್ಲ. ನಾನ್ಯಾಕೆ ಹೇಳ್ಲಿ?"

ಸೋಮವಾರ ಗೆಳೆಯರು ಬರಲಿಲ್ಲ. ಮತ್ತೆ ಬರಲೇ ಇಲ್ಲ. ಮಾರ್ಚಿನಲ್ಲಿ ಆ ಬೆನ್ನುನೋವು ಕ್ಯಾನ್ಸರ್ ಎಂದು ತಿಳಿಯಿತು. ಆಗಲೇ ಬೆನ್ನುಮೂಳೆಗೆ ಹರಡಿತ್ತು. ನನ್ನ ಗಂಡ ಆಫೀಸಿಗೆ ರಜೆ ಎಂದಷ್ಟೇ ತಿಳಿಸಿದರು. ಕಾರಣ ಗೆಳೆಯರ ಕಿವಿಗೆ ಹೋಗಬಾರದು ಎಂದು ನನ್ನಿಂದಲೂ ಮಾತು ತೆಗೆದುಕೊಂಡರು.

ಡಿಸೆಂಬರಿನ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವರೇ ಆ ಮಾತು ಮುರಿದರು.

"ಅವನನ್ನ ಕರಿ. ಬೇಕಂತ ಕೂರಲಿಲ್ಲ ಅಂತ ಹೇಳ್ಬೇಕು."

ಒಂಬತ್ತು ಗಂಟೆಗೆ ಸಂದೇಶ ಕಳಿಸಿದೆ: ಇವರಿಗೆ ತುಂಬಾ ಹುಷಾರಿಲ್ಲ, ನಿಮ್ಮನ್ನೇ ಕೇಳುತ್ತಿದ್ದಾರೆ, ದಯವಿಟ್ಟು ಬನ್ನಿ. ಆಸ್ಪತ್ರೆಯ ವಿಳಾಸ ಹಾಕಿದೆ. ಫೋನ್ ಮಾಡಿದರೆ ಸ್ವಿಚ್ ಆಫ್. ಅಂದು ಸೋಮವಾರ ಎಂದು ನನಗೆ ಗೊತ್ತಿತ್ತು. ಆದರೆ ಜೊತೆಯಲ್ಲಿ ನೋಡುವುದು ನಿಂತ ಮೇಲೆ ಆ ನಿಯಮವೂ ನಿಂತಿದೆ ಎಂದೇ ತಿಳಿದಿದ್ದೆ. ನನ್ನನ್ನು ಬೇಕೆಂದೇ ದೂರ ಇಟ್ಟಿದ್ದಾರೆ ಎನ್ನಿಸಿತು. ಆಫೀಸಿನ ನಂಬರಿಗೆ ಮಾಡಬಹುದಿತ್ತು. ಒಮ್ಮೆ ಬೇಡಿದ್ದೇ ಸಾಕು ಎಂದು ಮಾಡಲಿಲ್ಲ.

"ಬಂದ್ನಾ?" ಎಂದು ಮೂರು ಸಲ ಕೇಳಿದರು.

"ಟ್ರೇನಲ್ಲಿದ್ದಾರಂತೆ," ಎಂದೆ, ಮೂರು ಸಲವೂ.

ಮಧ್ಯಾಹ್ನ ಮೂರರ ನಂತರ ಹೋಗಿಬಿಟ್ಟರು. ನರ್ಸ್ ಕಿಟಕಿಯ ಪರದೆ ಎಳೆಯುತ್ತಿದ್ದಾಗ ಎರಡನೆಯ ಸಂದೇಶ ಕಳಿಸಿದೆ. "ಇವರು ತೀರಿಕೊಂಡರು. ಇನ್ನು ಬರಬೇಡಿ."

ಅವರಿಗೆ ಉಡಿಸಲು ಬಟ್ಟೆ ಒಯ್ಯಲೆಂದು ಸಂಜೆ ಮನೆಗೆ ಬಂದಿದ್ದೆ. ಬೆಲ್ ಆಯಿತು. ಗೆಳೆಯರು ಆಫೀಸ್ ಚೀಲದೊಂದಿಗೆ ನಿಂತಿದ್ದರು, ಓಡಿ ಬಂದ ಏದುಸಿರು.

"ಈಗ ಫೋನ್ ಆನ್ ಮಾಡ್ದೆ ಅತ್ತಿಗೆ. ಸೋಮವಾರ ಅಲ್ವಾ."

"ಈಗ್ಲೂ ನೋಡ್ತೀರಾ?"

"ಒಬ್ನೇ ನೋಡ್ತೀನಿ."

ಒಳಗೆ ಬನ್ನಿ ಎಂದೆ. ಅವರು ಶೂ ಬಿಚ್ಚಲಿಲ್ಲ, ಶೂ ಬಿಡುವ ಜಾಗದಲ್ಲೇ ನಿಂತರು. "ಬರಬೇಡಿ ಅಂತ ಬರೆದಿದ್ದೀರಲ್ಲ," ಎಂದರು. ಆಮೇಲೆ, ನೆಲ ನೋಡುತ್ತ, "ಅವತ್ತು ಅವನು ಕೂತಿದ್ದರ ಬಗ್ಗೆ ವರ್ಷವೆಲ್ಲ ಯೋಚಿಸಿದೆ. ಅಷ್ಟು ಜನರ ಮಧ್ಯೆ ಒಬ್ನೇ ಕೂರೋಕೆ ಧೈರ್ಯ ಬೇಕು. ನನಗಿಲ್ಲ. ಹಾಗಂತ ಅವನಿಗೆ ಹೇಳ್ಬೇಕು ಅಂತಿದ್ದೆ."

ಬೆನ್ನುನೋವಿನ ವಿಷಯ ನಾನು ಆಗ ತೆಗೆಯಲಿಲ್ಲ. ಸತ್ತ ಗೆಳೆಯನ ಬಗ್ಗೆ ಅವರು ಕಟ್ಟಿಕೊಂಡಿದ್ದ ಸಮಾಧಾನ ಅದೊಂದೇ.

ಇಲ್ಲಿನ ಚಿತಾಗಾರದಲ್ಲಿ ಸುಟ್ಟ ಮೇಲೆ ಮನೆಯವರು ಮೂಳೆಗಳನ್ನು ಚಾಪ್‌ಸ್ಟಿಕ್‌ನಂಥ ಕಡ್ಡಿಗಳಿಂದ ಎತ್ತಿ ಕುಡಿಕೆಗೆ ಹಾಕುತ್ತಾರೆ. ಒಂದೊಂದು ತುಂಡನ್ನೂ ಇಬ್ಬರು ಸೇರಿಯೇ ಎತ್ತಬೇಕು. ಊರಿನಿಂದ ಮೈದುನನಿಗೆ ವೀಸಾ ಸಿಕ್ಕಿರಲಿಲ್ಲ. ಗೆಳೆಯರನ್ನೇ ಕರೆದೆ. ಕಾಲಿನಿಂದ ಶುರುಮಾಡಿ ಮೇಲಕ್ಕೆ ಬಂದೆವು. ಬಿಳಿ ಕೈಗವಸಿನ ಸಿಬ್ಬಂದಿ, ತಮ್ಮದೇ ತಪ್ಪೇನೋ ಎಂಬಂತೆ ತಲೆಬಾಗಿ, "ಸುಮಿಮಾಸೆನ್," ಎಂದು ಮೆಲ್ಲಗೆ ಹೇಳಿದರು. ಬೆನ್ನಿನ ಮೂಳೆ, ಬಹಳ ಪುಡಿಯಾಗಿದೆ, ಹಗುರವಾಗಿ ಹಿಡಿಯಿರಿ.

ಇಬ್ಬರೂ ಹಿಡಿದೆವು. ಆಗ ಹೇಳಿದೆ.

"ಅವತ್ತು ಬೇಕಂತ ಕೂತಿರಲಿಲ್ಲ. ಏಳೋಕೆ ನೋಡಿದ್ರು, ಬೆನ್ನು ಬಿಡ್ಲಿಲ್ಲ. ನಿಮಗೆ ಹೇಳ್ಬೇಕು ಅಂದಿದ್ರು."

ಗೆಳೆಯರು ನನ್ನನ್ನು ನೋಡಲಿಲ್ಲ. ಕಡ್ಡಿಗಳ ನಡುವಿನ ತುಂಡನ್ನೇ ನೋಡುತ್ತಿದ್ದರು.

"ನನ್ನ ಪಕ್ಕದಲ್ಲೇ ಕೂತಿದ್ದ," ಎಂದರು.

ಅವರ ಕಡ್ಡಿಗಳು ಬಿಗಿಯಾದವು. ಮೂಳೆ ನಡುವೆ ಮುರಿದು ಮತ್ತೆ ಬೂದಿಗೆ ಬಿತ್ತು. ಸಿಬ್ಬಂದಿ ಕಾದು ನಿಂತರು. ಆ ಎರಡು ಚೂರುಗಳನ್ನೂ ಒಂದಾದ ಮೇಲೊಂದರಂತೆ ನಾವಿಬ್ಬರೇ ಎತ್ತಬೇಕಾಯಿತು.