ಗಿಳಿಬಾಗಿಲಿಗೊಂದು ಬೀಗ

ಚೆಂದವಿಲ್ಲದ್ದನ್ನು ಮುಚ್ಚಿಡುವ ಚಟ ನನಗಿದೆ. ತಿದ್ದಿಕೊಳ್ಳುವ ಇರಾದೆ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಭಾಗಕ್ಕೆ ಬರಲು ತಡವಾಯಿತು. ಜನ ಲೂಟಿಗೆ ಹೆದರಿ ಮನೆಗೆ ಬೀಗ ಜಡಿದು ಊರು ಬಿಟ್ಟಿದ್ದ ಗದ್ದಲದ ದಿನಗಳು ಆಗಷ್ಟೇ ಮುಗಿದಿದ್ದವು. ಹುಮನಾಬಾದಿನ ಹತ್ತಿ ಗಿರಣಿಯವರು ತಮ್ಮ ಯಂತ್ರದಿಂದ ನಮ್ಮ ಓಣಿಗೂ ಕರೆಂಟು ಕೊಟ್ಟರು. ದೀಪವೇನೋ ಚೆಂದ. ಆದರೆ ಪಡಸಾಲೆಯ ಗೋಡೆಗೆ ಬಂದು ಕೂತ ಕಬ್ಬಿಣದ ಫ್ಯೂಜ್ ಪೆಟ್ಟಿಗೆ, ಕರೆಯದೆ ಬಂದ ಬೀಗರ ಹಾಗೆ ಮುಖ ಗಂಟಿಕ್ಕಿಕೊಂಡೇ ಇತ್ತು. ಬಸವಕಲ್ಯಾಣದಲ್ಲಿದ್ದ ನನ್ನ ಅಪ್ಪ, ನಾನು ಮಲಗಿ ಬೆಳೆದ ತೊಟ್ಟಿಲ ಹಲಗೆಗಳನ್ನು ಬಿಚ್ಚಿಸಿ, ಅದಕ್ಕೊಂದು ಮುಚ್ಚಳ ಮಾಡಿಸಿ ಕಳಿಸಿದರು. ಪುಟ್ಟ ಬಾಗಿಲು, ಅದರ ಮೇಲೊಂದು ಗಿಳಿ. ತವರಿನಿಂದ ನನಗೆ ಬಂದ ಕೊನೆಯ ವಸ್ತು ಅದು.

ಬಾಗಿಲು ಕಂಡಲ್ಲಿ ಬೀಗ ಹಾಕುವುದನ್ನು ಆ ಗದ್ದಲದ ದಿನಗಳು ನಮ್ಮ ಹಿರಿಯರಿಗೆ ಕಲಿಸಿದ್ದವು. ಹಿಟ್ಟಿನ ಡಬ್ಬಿಗೂ ಬೀಗ ಹಾಕಿದ ನಮ್ಮತ್ತೆ ಗಿಳಿಬಾಗಿಲನ್ನು ಬಿಟ್ಟಾರೆಯೇ? ಒಂದು ದಿನ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹುಡಗಿ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋದರು. ಸಂಜೆ ಮುಚ್ಚಳದ ಸಂದಿಯಿಂದ ಹೊಗೆ ಬಂತು. ಸ್ವಿಚ್ಚು ಒಳಗೆ, ಕೀಲಿ ಊರಾಚೆ. ರುಬ್ಬುಗುಂಡಿನಿಂದ ಬೀಗ ಒಡೆದು, ಒಣಕೋಲಿನಿಂದ ಸ್ವಿಚ್ಚು ಕೆಳಗೆಳೆದೆ. ಗಿಳಿಯ ಒಂದು ರೆಕ್ಕೆ ಮುರಿಯಿತು. ಒಳಗೆ ನೋಡಿದರೆ, ಕಳ್ಳರಿಗೆ ಸಿಗದಿರಲೆಂದು ಅತ್ತೆ ಅಡಗಿಸಿಟ್ಟ ಬೆಳ್ಳಿ ಡಾಬಿನ ಬಟ್ಟೆಗಂಟು ಕಾದ ತಂತಿಗೆ ಒತ್ತಿಕೊಂಡು ಹೊಗೆಯಾಡುತ್ತಿತ್ತು.

ಮರುದಿನ ಗಿರಣಿಯ ವೈರ್‌ಮನ್ ಬಂದ. “ಕಟಗಿ ಮುಚ್ಚಳ ತೆಗೀರಿ ಅಕ್ಕಾರ. ಇಲ್ಲಾಂದ್ರ ಕರೆಂಟ್ ಕಡೀತೀನಿ.”

“ತೆಗೆದ ಅಟ್ಟಕ್ಕ ಇಡೋಣು,” ಎಂದರು ನಮ್ಮ ಯಜಮಾನರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾಣರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ.

“ತೆಗ್ಯಾಂಗಿಲ್ರಿ,” ಎಂದೆ. “ಹೊಗಿ ಬಂದದ್ದು ಗಂಟಿಂದ, ಮುಚ್ಚಳದಿಂದಲ್ಲ. ಹ್ಯಾಂಗ ಇಟ್ರ ಛಲೋ, ಅದನ್ನ ಹೇಳ್ರಿ.”

ಅವನು ತಲೆ ಕೆರೆದುಕೊಂಡ. “ಹಲಗಿ ಪೆಟಗಿಗಿ ತಾಗಬಾರದ್ರಿ. ಮ್ಯಾಲ ಕೆಳಗ ಗಾಳಿ ಆಡಬೇಕು. ಒಳಗ ಏನೂ ಇಡಬ್ಯಾಡ್ರಿ. ಕೀಲಿ ಹಾಕೋದಂತೂ ಬ್ಯಾಡೇ ಬ್ಯಾಡ.”

ಬಡಗಿಯನ್ನು ಕರೆಸಿ ಹಾಗೆಯೇ ಮಾಡಿಸಿದೆ. ಊರಿಂದ ಬಂದ ಅತ್ತೆ ಕೇಳಿದರು: “ಕೀಲಿ ಇಲ್ಲದ ಬಾಗಲಾ ಯಾತಕ್ಕ?”

“ಕಳ್ಳರು ಬಂದು ಕರೆಂಟ್ ಒಯ್ದ್ರ ಒಯ್ಲಿ ಬಿಡ್ರಿ,” ಎಂದೆ. ಸೊಸೆಯಾದವಳು ಹಾಗೆ ಮಾತಾಡಬಾರದು. ಆಡಿದೆ.

ಮುಂದಿನ ಸಲ ಮಗಳ ಊರಿಗೆ ಹೊರಟಾಗ ಅತ್ತೆ ಹೊಸ್ತಿಲಲ್ಲಿ ನಿಂತು, ಕೀಲಿಗೊಂಚಲು ಬಿಚ್ಚಿ ನನ್ನ ಕೈಗಿಟ್ಟರು. “ಇಟ್ಗೊ. ಇಲ್ಲಾಂದ್ರ ಎಲ್ಲಾನೂ ಗುಂಡ ತಗೊಂಡ ಒಡೀತಿ.”

ಬೇಡ ಎನ್ನುವಷ್ಟು ಒಳ್ಳೆಯ ಸೊಸೆ ನಾನಲ್ಲ. ಇಟ್ಟುಕೊಂಡೆ.